ನರ್ಸಿಂಗ್ ಮುಗಿಯಿತು, ಇನ್ನು ವಾರ್ಡ್: ಮೊದಲ ಮೂರು ತಿಂಗಳು ದಾಟುವುದು ಹೇಗೆ?

ರಿಸಲ್ಟ್ ಬಂತು ಅಂದರೆ ಸಾಕು, ಪ್ರತಿ ವರ್ಷ ಇದೇ ಪ್ರಶ್ನೆಗಳು. ರಿಜಿಸ್ಟ್ರೇಶನ್ ಆಗುವ ಮೊದಲೇ ಕೆಲಸಕ್ಕೆ ಸೇರಬಹುದಾ? ಬಾಂಡ್ ಕೇಳುತ್ತಾರೆ, ಸಹಿ ಹಾಕಬಹುದಾ? ರಾತ್ರಿ ಎರಡು ಗಂಟೆಗೆ ಡಾಕ್ಟರಿಗೆ ಫೋನ್ ಮಾಡಿದರೆ ಅವರು ಬೈತಾರೆ, ಮಾಡದಿದ್ದರೆ ಬೆಳಿಗ್ಗೆ ವಾರ್ಡ್‌ನ ಇನ್‌ಚಾರ್ಜ್ ಸಿಸ್ಟರ್ ಬೈತಾರೆ, ಎಂತ ಮಾಡುವುದು? ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಹಾಕುತ್ತಿದ್ದೇನೆ. ಬಿ.ಎಸ್ಸಿ. ನರ್ಸಿಂಗ್ ಅಥವಾ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಮಂಗಳೂರು, ಉಡುಪಿ, ಮಣಿಪಾಲ ಕಡೆ ಆಸ್ಪತ್ರೆಗೆ ಸೇರುವವರಿಗಾಗಿ ಬರೆದದ್ದು ಇದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊದಲ ಮೂರು ತಿಂಗಳು ಸ್ಪೀಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಪಕ್ಕದವರು ಹತ್ತು ಬೆಡ್‌ನ ಇಂಜೆಕ್ಷನ್ ಮುಗಿಸುವಾಗ ನಿಮ್ಮದು ನಾಲ್ಕೇ ಆಗಿದ್ದರೆ ಪರವಾಗಿಲ್ಲ. ರೋಗಿಯಲ್ಲಿ ಏನೋ ಬದಲಾಗಿದೆ ಅಂತ ಗೊತ್ತಾಗಬೇಕು, ಗೊತ್ತಾದದ್ದನ್ನು ಸರಿಯಾದವರಿಗೆ ಬೇಗ ಹೇಳಬೇಕು. ಆಗ ಕಲಿಯಬೇಕಾದ್ದು ಅದನ್ನೇ. ಸ್ಪೀಡ್ ತಾನಾಗಿ ಬರುತ್ತದೆ.

1. ಮೊದಲು ಕೌನ್ಸಿಲ್ ರಿಜಿಸ್ಟ್ರೇಶನ್

ಪಾಸಾದ ಮಾತ್ರಕ್ಕೆ ಸ್ಟಾಫ್ ನರ್ಸ್ ಆಗುವುದಿಲ್ಲ. ಬೆಂಗಳೂರಿನಲ್ಲಿರುವ ಕರ್ನಾಟಕ ಸ್ಟೇಟ್ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಆಗ ಸಿಗುವುದೇ ಆರ್‌ಎನ್ ಆರ್‌ಎಂ, ಅಂದರೆ ನೋಂದಾಯಿತ ನರ್ಸ್ ಮತ್ತು ನೋಂದಾಯಿತ ಪ್ರಸೂತಿ ದಾದಿ ಅನ್ನುವ ಅರ್ಹತೆ. ಇದರ ಜೊತೆಗೆ ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ರಾಷ್ಟ್ರೀಯ ರಿಜಿಸ್ಟರ್‌ನಲ್ಲಿ ಎನ್‌ಯುಐಡಿ ಎಂಬ ನಂಬರ್ ಉಂಟು. ಅದು ನಿಮ್ಮದೇ ಗುರುತಿನ ಸಂಖ್ಯೆ, ಯಾವ ರಾಜ್ಯಕ್ಕೆ ಹೋದರೂ ಅದೇ. ರಿಜಿಸ್ಟ್ರೇಶನ್ ಮಾಡುವಾಗಲೇ ಇದನ್ನೂ ಕೇಳಿ ಮಾಡಿಸಿಕೊಳ್ಳಿ.

ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಕೋರ್ಸ್‌ನ ಅಷ್ಟೂ ಅಂಕಪಟ್ಟಿ, ಪ್ರೊವಿಶನಲ್ ಅಥವಾ ಅಂತಿಮ ಸರ್ಟಿಫಿಕೇಟ್, ಕಾಲೇಜಿನ ಪತ್ರ, ಆಧಾರ್, ಫೋಟೊ ಇಷ್ಟನ್ನು ಸ್ಕ್ಯಾನ್ ಮಾಡಿ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ಸರ್ಟಿಫಿಕೇಟ್ ಎಲ್ಲಿಂದ ಬರಬೇಕು ಅನ್ನುವುದು ನಿಮ್ಮ ಕಾಲೇಜಿನ ಮೇಲೆ ಹೋಗುತ್ತದೆ. ಕೆಲವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ, ಮಣಿಪಾಲ, ದೇರಳಕಟ್ಟೆ ಕಡೆಯ ಡೀಮ್ಡ್ ಯುನಿವರ್ಸಿಟಿಗಳಲ್ಲಿ ಓದಿದವರಿಗೆ ಅಲ್ಲಿಂದಲೇ, ಜಿಎನ್‌ಎಂನವರಿಗೆ ಡಿಪ್ಲೊಮಾ ಪರೀಕ್ಷಾ ಮಂಡಳಿಯಿಂದ.

ನಮ್ಮ ಊರಲ್ಲಿ ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಹೆಸರಿನ ವಿಷಯಕ್ಕೆ. ಇಂಗ್ಲಿಷಿನಲ್ಲಿ ಡಿಸೋಜ ಅನ್ನುವುದನ್ನು ಎಸ್ಸೆಸ್ಸೆಲ್ಸಿಯಲ್ಲಿ ಮೇಲೆ ಚುಕ್ಕೆ ಹಾಕಿ, ಪಿಯುಸಿಯಲ್ಲಿ ನಡುವೆ ಜಾಗ ಬಿಟ್ಟು, ಆಧಾರ್‌ನಲ್ಲಿ ಎಲ್ಲ ಸೇರಿಸಿ ಬರೆದಿರುತ್ತಾರೆ. ಶೆಟ್ಟಿ, ಪೂಜಾರಿ, ಭಂಡಾರಿಗಳಿಗೆ ಒಂದು ಕಡೆ ಸರ್‌ನೇಮ್ ಇರುತ್ತದೆ, ಇನ್ನೊಂದು ಕಡೆ ಬರೀ ಇನಿಶಿಯಲ್. ಇವತ್ತೇ ಎಲ್ಲ ದಾಖಲೆ ಮೇಜಿನ ಮೇಲೆ ಹರಡಿ ಅಕ್ಷರ ಅಕ್ಷರ ನೋಡಿ. ಎಸ್ಸೆಸ್ಸೆಲ್ಸಿಯಲ್ಲಿ ಇದ್ದಂತೆ ಉಳಿದದ್ದನ್ನು ಸರಿ ಮಾಡಿಸುವುದು ಸುಲಭದ ದಾರಿ. ಮುಂದೆ ಪಾಸ್‌ಪೋರ್ಟ್ ಮಾಡಿಸುವಾಗಲೂ ಇದೇ ರಗಳೆ ಬರುತ್ತದೆ, ಆದ್ದರಿಂದ ಒಂದೇ ಸಲ ಮುಗಿಸಿಬಿಡಿ.

ತಲಪಾಡಿ ದಾಟಿದರೆ ಬೇರೆ ಕೌನ್ಸಿಲ್. ಕಾಸರಗೋಡಿನಲ್ಲಿ ಕೆಲಸ ಮಾಡಲು ಕೇರಳದ ನೋಂದಣಿ ಬೇಕು, ಅಲ್ಲಿ ಕಲಿತು ಇಲ್ಲಿಗೆ ಬರುವವರಿಗೆ ಕರ್ನಾಟಕದ್ದು ಬೇಕು.

ನೋಂದಣಿ ಬರುವ ಮೊದಲೇ ಕೆಲವು ಆಸ್ಪತ್ರೆಯವರು ಟ್ರೈನಿ ಅಂತ ಸೇರಿಸಿಕೊಳ್ಳುತ್ತಾರೆ. ಸೇರುವುದಾದರೆ ನೀವು ಟ್ರೈನಿ ಅನ್ನುವುದು ಪತ್ರದಲ್ಲಿ ಇರಲಿ. ಆ ಸಮಯದಲ್ಲಿ ಒಬ್ಬರೇ ವಾರ್ಡ್ ನೋಡಿಕೊಳ್ಳಿ ಅಂದರೆ ಒಪ್ಪಬೇಡಿ. ಏನಾದರೂ ಆದಾಗ ಮೊದಲು ಕೇಳುವುದೇ ನಿಮ್ಮ ನೋಂದಣಿ ಸಂಖ್ಯೆ.

2. ಎಲ್ಲಿ ಸೇರುವುದು, ಯಾವುದಕ್ಕೆ ಸಹಿ ಹಾಕುವುದು

ಈ ಕರಾವಳಿಯಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಮಂಗಳೂರಿನ ವೆನ್‌ಲಾಕ್, ಲೇಡಿ ಗೋಷನ್, ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಿವೆ. ಕಂಕನಾಡಿ, ಅತ್ತಾವರ, ದೇರಳಕಟ್ಟೆ, ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಇವುಗಳ ನಡುವೆ ಸಣ್ಣ ನರ್ಸಿಂಗ್ ಹೋಂಗಳು ಬೇಕಾದಷ್ಟು.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಕೆಲಸಕ್ಕೆ ಎರಡು ಸಾವಿರ ಸಂಬಳ ಕಮ್ಮಿ ಇದ್ದರೂ ಪ್ರತಿ ಶಿಫ್ಟ್‌ನಲ್ಲಿ ಒಬ್ಬರು ಸೀನಿಯರ್ ಇರುವ ಜಾಗ ಆರಿಸಿ. ಸಣ್ಣ ನರ್ಸಿಂಗ್ ಹೋಂನಲ್ಲಿ ಕೆಲಸ ಬೇಗ ಕೈಗೆ ಬರುತ್ತದೆ ಅನ್ನುತ್ತಾರೆ. ನಿಜ, ಆದರೆ ರಾತ್ರಿ ಕೇಳೋಣ ಅಂದರೆ ಒಬ್ಬ ಆಯಾ ಬಿಟ್ಟರೆ ಯಾರೂ ಇರುವುದಿಲ್ಲ.

ಇಂಟರ್‌ವ್ಯೂನಲ್ಲಿ ಸಂಕೋಚ ಇಲ್ಲದೆ ಕೇಳಿ: ಓರಿಯೆಂಟೇಶನ್ ಎಷ್ಟು ದಿನ? ಪ್ರಿಸೆಪ್ಟರ್ ಇರುತ್ತಾರಾ? (ಹೊಸಬರ ಜೊತೆ ನಿಂತು ಕಲಿಸಲು ನೇಮಿಸಿದ ಸೀನಿಯರ್‌ಗೆ ಹಾಗೆ ಹೇಳುತ್ತಾರೆ.) ರಾತ್ರಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು? ನನ್ನನ್ನು ಒಬ್ಬಳೇ ನೈಟ್‌ಗೆ ಹಾಕುವುದು ಯಾವಾಗಿನಿಂದ? ಈ ಪ್ರಶ್ನೆಗೆ ಸಿಟ್ಟಾಗುವ ಕಡೆ ಸೇರದಿದ್ದರೂ ನಷ್ಟವಿಲ್ಲ.

ಬಾಂಡ್ ಅಂದರೆ ಇಷ್ಟು ಸಮಯ ಬಿಟ್ಟು ಹೋಗುವುದಿಲ್ಲ, ಹೋದರೆ ಇಷ್ಟು ಹಣ ಕೊಡುತ್ತೇನೆ ಎಂದು ಬರೆದುಕೊಡುವ ಕರಾರು. ಓದದೆ ಸಹಿ ಹಾಕಬೇಡಿ. ಒಂದು ಪ್ರತಿ ನಿಮ್ಮ ಕೈಯಲ್ಲಿ ಇರಲೇಬೇಕು. ಮೂಲ ಸರ್ಟಿಫಿಕೇಟ್ ತೋರಿಸಿ, ನೋಡಿದ ಮೇಲೆ ವಾಪಸ್ ತೆಗೆದುಕೊಳ್ಳಿ, ಸಹಿ ಹಾಕಿದ ಜೆರಾಕ್ಸ್ ಮಾತ್ರ ಕೊಡಿ. 'ಸುಮ್ನೆ ಇಲ್ಲಿರಲಿ, ಬಿಡುವಾಗ ಕೊಡ್ತೇವೆ' ಅಂದರೆ ಅದರ ಅರ್ಥ ನಿಮಗೆ ಗೊತ್ತಾಗಬೇಕು.

ಸಂಬಳದ ಚೀಟಿಯಲ್ಲಿ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ಆರೋಗ್ಯ ವಿಮೆ) ನೋಡಿ. ಪಿಎಫ್‌ಗೆ ನಿಮ್ಮಿಂದ ಶೇ. 12 ಹೋಗುತ್ತದೆ. ಇಎಸ್‌ಐ ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರಿಗೆ, ಅದಕ್ಕೆ ಕಡಿತ ಶೇ. 0.75 ಮಾತ್ರ. ಹಾಸ್ಟೆಲ್, ಊಟ, ಯೂನಿಫಾರ್ಮ್‌ಗೆ ಎಷ್ಟು ಹಿಡಿಯುತ್ತಾರೆ ಅಂತ ಸೇರುವ ಮೊದಲೇ ಕೇಳಿ. ಕೈಗೆ ಬರುವ ಮೊತ್ತ ನೋಡಿ ಮೊದಲ ತಿಂಗಳು ಅಳುವವರನ್ನು ಕಂಡಿದ್ದೇನೆ.

3. ಸೇರುವ ಮೊದಲು

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಆಗಿರಬೇಕು: ಮೊದಲನೆಯದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಕಾಲೇಜಿನಲ್ಲಿ ಹಾಕಿಸಿರುತ್ತಾರೆ, ಆದರೆ ಅದು ಕೆಲಸ ಮಾಡಿದೆಯಾ ಅಂತ ನೋಡಿಸಿದವರು ಕಮ್ಮಿ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳ ನಂತರ ಮಾಡುವ ಆಂಟಿಬಾಡಿ ಪರೀಕ್ಷೆಯಲ್ಲಿ 10ಕ್ಕಿಂತ ಜಾಸ್ತಿ ಬಂದರೆ ರಕ್ಷಣೆ ಇದೆ ಅಂತ ಲೆಕ್ಕ. ರಿಪೋರ್ಟ್ ಜೋಪಾನವಾಗಿಡಿ.

ಬಿಎಲ್ಎಸ್, ಅಂದರೆ ಹೃದಯ ನಿಂತವರಿಗೆ ಮೊದಲು ಮಾಡುವ ಆರೈಕೆಯ ತರಬೇತಿ, ಆಗಿಲ್ಲದಿದ್ದರೆ ಮಾಡಿಕೊಳ್ಳಿ. ಜೇಬಿಗೆ ಸೆಕೆಂಡ್ ಮುಳ್ಳಿನ ವಾಚ್, ಸಣ್ಣ ನೋಟ್‌ಬುಕ್, ಕತ್ತರಿ, ಟಾರ್ಚ್, ಮಾರ್ಕರ್ ಪೆನ್ ಸಾಕು. ಶೂಗೆ ದುಡ್ಡು ಉಳಿಸಬೇಡಿ.

4. ಮೊದಲ ವಾರ: ವಸ್ತು ಎಲ್ಲಿದೆ, ಜನ ಯಾರು

ಮೊದಲ ದಿನವೇ ಕ್ರ್ಯಾಶ್ ಕಾರ್ಟ್ ಎಲ್ಲಿದೆ ನೋಡಿ. ತುರ್ತು ಔಷಧಿ ಮತ್ತು ಸಲಕರಣೆ ಇಟ್ಟಿರುವ ತಳ್ಳುಗಾಡಿ ಅದು. ನೋಡಿದರೆ ಸಾಲದು. ಯಾವ ಡ್ರಾಯರ್‌ನಲ್ಲಿ ಅಡ್ರಿನಾಲಿನ್, ಯಾವುದರಲ್ಲಿ ಏರ್‌ವೇ, ಬೀಗ ಒಡೆದರೆ ಮತ್ತೆ ಯಾರಿಗೆ ಹೇಳಬೇಕು ಅಂತ ಬಾಯಲ್ಲಿ ಬರಬೇಕು. ಸಕ್ಷನ್ ಮೆಶಿನ್ ನೀವೇ ಆನ್ ಮಾಡಿ, ಬೆರಳು ಅಡ್ಡ ಹಿಡಿದು ಎಳೆಯುತ್ತದಾ ನೋಡಿ. ಆಕ್ಸಿಜನ್ ಸಿಲಿಂಡರ್ ತಿರುಗಿಸುವ ಕೀ ಎಲ್ಲಿ ನೇತಾಡುತ್ತದೆ ಅಂತ ತಿಳಿದುಕೊಳ್ಳಿ. ಸಿಲಿಂಡರ್ ತುಂಬಿ ಇದ್ದು, ಕೀ ಸಿಗದೆ ಮೂರು ಜನ ಓಡುವುದು ಪ್ರತಿ ವಾರ್ಡ್‌ನ ಕತೆ. ತುರ್ತು ಕರೆಯ ನಂಬರ್ ನೋಟ್‌ಬುಕ್‌ನ ಮೊದಲ ಪುಟದಲ್ಲಿರಲಿ.

ಆಯಾ, ವಾರ್ಡ್ ಬಾಯ್, ಕ್ಲೀನಿಂಗ್‌ನವರ ಹೆಸರು ಕಲಿಯಿರಿ, 'ಅಕ್ಕ', 'ಅಣ್ಣ' ಅಂತ ಕರೆಯಿರಿ. ಯಾವ ವಸ್ತು ಎಲ್ಲಿದೆ, ಯಾವ ರೋಗಿ ರಾತ್ರಿ ಎದ್ದು ಓಡಾಡುತ್ತಾರೆ ಅನ್ನುವುದು ನಿಮಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ.

ಭಾಷೆಯದ್ದೂ ಒಂದು ಮಾತು. ಇಲ್ಲಿ ವಾರ್ಡ್‌ನಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕುಂದಾಪುರ ಕನ್ನಡ ಎಲ್ಲ ಕೇಳುತ್ತದೆ. ಘಟ್ಟದ ಮೇಲಿನಿಂದ ಬಂದವರು ನಾಲ್ಕು ತುಳು ವಾಕ್ಯ ಕಲಿತರೆ ಬಹಳ ಉಪಯೋಗ: 'ಇರೆನ ಪುದರ್ ದಾದ' ಅಂದರೆ ನಿಮ್ಮ ಹೆಸರೇನು, 'ಬೇನೆ ಉಂಡಾ' ಅಂದರೆ ನೋವಿದೆಯಾ, 'ಓಲು ಬೇನೆ' ಅಂದರೆ ಎಲ್ಲಿ ನೋವು, 'ವಣಸ್ ಆಂಡಾ' ಅಂದರೆ ಊಟ ಆಯಿತಾ. ಆದರೆ ಒಪ್ಪಿಗೆ ಪತ್ರ, ಅಲರ್ಜಿ, ಡಿಸ್ಚಾರ್ಜ್ ಮಾತ್ರೆ ವಿವರಿಸುವಾಗ ಅರೆಬರೆ ತುಳುವಲ್ಲಿ ಸಾಹಸ ಬೇಡ, ಗೊತ್ತಿದ್ದವರನ್ನು ಕರೆಯಿರಿ.

5. ಹ್ಯಾಂಡ್‌ಓವರ್

ಒಂದು ಶಿಫ್ಟ್‌ನವರು ಮುಂದಿನವರಿಗೆ ರೋಗಿಯನ್ನು ಒಪ್ಪಿಸುವುದು. ಇದನ್ನು ಕೌಂಟರ್‌ನಲ್ಲಿ ಕೂತು ತೆಗೆದುಕೊಳ್ಳಬೇಡಿ, ಬೆಡ್ ಪಕ್ಕ ನಿಂತೇ ತೆಗೆದುಕೊಳ್ಳಿ. ಅವರು ಹೇಳುತ್ತಿರುವಾಗ ನಿಮ್ಮ ಕಣ್ಣು ರೋಗಿಯ ಮೇಲಿರಲಿ: ಮುಖ, ಉಸಿರು, ಕ್ಯಾನುಲಾ (ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕಿದ ಕೈ ಊದಿದೆಯಾ, ಬಾಟಲಿಯಲ್ಲಿ ಎಷ್ಟು ಉಳಿದಿದೆ, ಮೂತ್ರದ ಚೀಲದಲ್ಲಿ ಎಷ್ಟಿದೆ, ಆಕ್ಸಿಜನ್ ಎಷ್ಟು ಲೀಟರ್‌ನಲ್ಲಿದೆ. 'ಡ್ರಿಪ್ ಹೋಗ್ತಾ ಇದೆ' ಅಂತ ಹೇಳಿ ಅವರು ಮನೆಗೆ ಹೋದ ಮೇಲೆ ನೀವು ನೋಡಿದರೆ ಕೈ ಬಲೂನಿನಂತೆ ಊದಿರುತ್ತದೆ. ಆಮೇಲೆ ಅದು ನಿಮ್ಮ ತಲೆಗೇ ಬರುತ್ತದೆ.

ಬೆಡ್ ನಂಬರ್‌ವಾರು ಒಂದು ಹಾಳೆ ಮಾಡಿಕೊಳ್ಳಿ. ಯಾವ ಗಂಟೆಗೆ ಯಾವ ಔಷಧಿ, ಯಾವ ರಿಪೋರ್ಟ್ ಬರಬೇಕು, ಯಾರಿಗೆ ಉಪವಾಸ. ಶಿಫ್ಟ್ ಮುಗಿದ ಮೇಲೆ ಹಾಳೆ ಹರಿದು ಹಾಕಿ, ಅದರಲ್ಲಿ ಜನರ ಕಾಯಿಲೆ ಇದೆ. ಫೋಟೊ ತೆಗೆದು ವಾಟ್ಸಾಪ್ ಗ್ರೂಪ್‌ಗೆ ಹಾಕುವ ಚಾಳಿ ಬೇಡವೇ ಬೇಡ.

6. ಔಷಧಿ ಕೊಡುವುದು

ಸರಿಯಾದ ರೋಗಿ, ಔಷಧಿ, ಪ್ರಮಾಣ, ದಾರಿ, ಸಮಯ ಅಂತ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೀರಿ. ವಾರ್ಡ್‌ನಲ್ಲಿ ಅದು ಎಲ್ಲಿ ತಪ್ಪುತ್ತದೆ ಅಂತ ನೋಡೋಣ.

ರೋಗಿ: 'ನೀವು ಸುಮತಿ ಅಲ್ವಾ?' ಅಂತ ಕೇಳಬೇಡಿ. ಕಿವಿ ಮಂದವಾದ ಅಜ್ಜಿಯಂದಿರು ಯಾವ ಹೆಸರು ಹೇಳಿದರೂ ತಲೆ ಆಡಿಸುತ್ತಾರೆ. 'ನಿಮ್ಮ ಹೆಸರು ಹೇಳಿ' ಅನ್ನಿ, ಆಮೇಲೆ ಕೈಪಟ್ಟಿಯ ಆಸ್ಪತ್ರೆ ನಂಬರ್ ಚಾರ್ಟ್ ಜೊತೆ ತಾಳೆ ನೋಡಿ. ಬೆಡ್ ನಂಬರ್ ನಂಬಬೇಡಿ, ಫ್ಯಾನ್ ಬೇಕು ಅಂತ ಮಧ್ಯಾಹ್ನ ಬೆಡ್ ಬದಲಾಯಿಸಿಕೊಂಡಿರುತ್ತಾರೆ.

ಇನ್ಸುಲಿನ್: ನಮ್ಮಲ್ಲಿ ಬಾಟಲಿ ಎರಡು ಶಕ್ತಿಯಲ್ಲಿ ಸಿಗುತ್ತದೆ, ಒಂದು ಮಿ.ಲೀ.ಗೆ 40 ಯುನಿಟ್‌ನದ್ದು ಮತ್ತು 100 ಯುನಿಟ್‌ನದ್ದು. ಸಿರಿಂಜ್ ಕೂಡ ಎರಡು ಥರ, 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ಬಾಟಲಿಯಿಂದ 40ರ ಸಿರಿಂಜ್‌ನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು 20 ಅಲ್ಲ, 50 ಯುನಿಟ್. ಶುಗರ್ ಇಳಿದು ರೋಗಿ ಎಚ್ಚರ ತಪ್ಪಬಹುದು, ಜೀವವೇ ಹೋಗಬಹುದು. ಬಾಟಲಿ ಮತ್ತು ಸಿರಿಂಜ್ ಎರಡನ್ನೂ ಕೈಯಲ್ಲಿ ಹಿಡಿದು ಇನ್ನೊಬ್ಬರಿಗೆ ತೋರಿಸಿಯೇ ಎಳೆಯಿರಿ.

ಪೊಟ್ಯಾಸಿಯಂ ಕ್ಲೋರೈಡ್: ಇದರ 10 ಮಿ.ಲೀ. ಆಂಪ್ಯೂಲ್ ನೋಡಲು ಡಿಸ್ಟಿಲ್ಡ್ ವಾಟರ್ ಥರವೇ ಇರುತ್ತದೆ. ಯಾವ ಕಾರಣಕ್ಕೂ ನೇರ ರಕ್ತನಾಳಕ್ಕೆ ತಳ್ಳಬಾರದು, ಹೃದಯ ನಿಲ್ಲುತ್ತದೆ. ಬಾಟಲಿಗೆ ಸೇರಿಸಿ, ಚೆನ್ನಾಗಿ ಕಲಕಿ, ನಿಧಾನಕ್ಕೆ ಮಾತ್ರ. ಸಾಮಾನ್ಯ ಆಂಪ್ಯೂಲ್‌ಗಳ ಜೊತೆ ಇದನ್ನು ಇಟ್ಟಿದ್ದು ಕಂಡರೆ ಇನ್‌ಚಾರ್ಜ್‌ಗೆ ಹೇಳಿ. ಹೊಸಬರು ಹೇಳಿದರೆ ಏನಂದುಕೊಳ್ಳುತ್ತಾರೋ ಅನ್ನುವ ಯೋಚನೆ ಇಲ್ಲಿ ಬೇಡ.

ಹೆಪಾರಿನ್: ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಇದು. 5 ಮಿ.ಲೀ. ಬಾಟಲಿಯಲ್ಲಿ ಮಿ.ಲೀ.ಗೆ 1,000 ಯುನಿಟ್‌ನದ್ದೂ ಇದೆ, 5,000ದ್ದೂ ಇದೆ. ಲೇಬಲ್ ಪೂರ್ತಿ ಓದಿ.

ಬೆರೆಸುವಾಗ: ಫಿಟ್ಸ್‌ಗೆ ಕೊಡುವ ಫೆನಿಟೋಯಿನ್ ನಾರ್ಮಲ್ ಸಲೈನ್‌ನಲ್ಲಿ ಮಾತ್ರ, ಡೆಕ್ಸ್‌ಟ್ರೋಸ್‌ನಲ್ಲಿ ಹಾಕಿದರೆ ಹರಳು ಕಟ್ಟುತ್ತದೆ. ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಅನ್ನು ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಜೊತೆ ಬೆರೆಸಬಾರದು, ಅದರಲ್ಲಿ ಕ್ಯಾಲ್ಸಿಯಂ ಇದೆ.

ಡ್ರಿಪ್ ಲೆಕ್ಕ: ಪಂಪ್ ಇಲ್ಲದ ವಾರ್ಡ್‌ಗಳಲ್ಲಿ ಹನಿ ಎಣಿಸಿಯೇ ಹಾಕಬೇಕು. ಐವಿ ಸೆಟ್‌ನ ಕವರ್ ಮೇಲೆ ಒಂದು ಮಿ.ಲೀ.ಗೆ ಎಷ್ಟು ಹನಿ ಅಂತ ಇರುತ್ತದೆ. 20 ಹನಿಯ ಸೆಟ್‌ನಲ್ಲಿ 500 ಮಿ.ಲೀ. ಅನ್ನು 8 ಗಂಟೆಯಲ್ಲಿ ಕೊಡಬೇಕು ಅನ್ನಿ. 500ನ್ನು 20ರಿಂದ ಗುಣಿಸಿದರೆ 10,000 ಹನಿ. 8 ಗಂಟೆ ಅಂದರೆ 480 ನಿಮಿಷ. ಭಾಗಿಸಿದರೆ ನಿಮಿಷಕ್ಕೆ ಸುಮಾರು 21 ಹನಿ, ಅಂದರೆ 15 ಸೆಕೆಂಡ್‌ಗೆ ಐದು. ಮೈಕ್ರೋ ಸೆಟ್‌ನಲ್ಲಿ 60 ಹನಿ ಇರುವುದರಿಂದ ಗಂಟೆಗೆ ಎಷ್ಟು ಮಿ.ಲೀ. ಬೇಕೋ ನಿಮಿಷಕ್ಕೆ ಅಷ್ಟೇ ಹನಿ. ರೋಗಿ ಬಾತ್‌ರೂಮಿಗೆ ಹೋಗಿ ಬಂದ ಮೇಲೆ ಮತ್ತೊಮ್ಮೆ ಎಣಿಸಿ, ಕೈ ಮಡಚಿದರೂ ಹನಿ ಬದಲಾಗುತ್ತದೆ.

ಬೇರೆಯವರು ತುಂಬಿಟ್ಟ ಸಿರಿಂಜ್ ನೀವು ಕೊಡಬೇಡಿ. ನೀವು ತುಂಬಿದ್ದಕ್ಕೆ ಹೆಸರು ಬರೆಯದೆ ಟ್ರೇಯಲ್ಲಿ ಇಡಬೇಡಿ. ಔಷಧಿ ತುಂಬುವಾಗ ಯಾರಾದರೂ 'ಸಿಸ್ಟರ್, ಸ್ವಲ್ಪ ಬನ್ನಿ' ಅಂತ ಕರೆದರೆ ಕೈಯಲ್ಲಿದ್ದದ್ದು ಮುಗಿಸಿ, ಇಲ್ಲವಾದರೆ ವಾಪಸ್ ಬಂದು ಮೊದಲಿನಿಂದ ಶುರು ಮಾಡಿ.

ರಕ್ತ ಕೊಡುವಾಗ ಇಬ್ಬರು ನರ್ಸ್‌ಗಳು ಬೆಡ್ ಪಕ್ಕದಲ್ಲೇ ಬ್ಯಾಗ್, ಗುಂಪು, ಹೆಸರು ತಾಳೆ ನೋಡಬೇಕು. ಮೊದಲ 15 ನಿಮಿಷ ಅಲ್ಲೇ ಇರಿ. ಒಂದು ಬ್ಯಾಗ್ 4 ಗಂಟೆಯೊಳಗೆ ಮುಗಿಯಬೇಕು. ಚಳಿ, ನಡುಕ, ಬೆನ್ನುನೋವು, ಮೈಮೇಲೆ ದದ್ದು ಬಂದರೆ ಮೊದಲು ರಕ್ತ ನಿಲ್ಲಿಸಿ, ಬೇರೆ ಸೆಟ್‌ನಲ್ಲಿ ಸಲೈನ್ ಹಾಕಿ, ಆಮೇಲೆ ಫೋನ್. ಬ್ಯಾಗ್ ಎಸೆಯಬೇಡಿ, ಬ್ಲಡ್ ಬ್ಯಾಂಕಿಗೆ ಅದು ಬೇಕು.

7. ರೋಗಿ ಕೆಡುತ್ತಿದ್ದಾರೆ ಅಂತ ಗೊತ್ತಾಗುವುದು, ಹೇಳುವುದು

ಯಾವುದಾದರೂ ವಾರ್ಡ್‌ನ ಚಾರ್ಟ್ ತೆಗೆದು ಉಸಿರಾಟದ ಕಾಲಂ ನೋಡಿ. ಎಲ್ಲರಿಗೂ 20! ಯುವಕರಿಗೂ 20, ನ್ಯುಮೋನಿಯಾದವರಿಗೂ 20. ಯಾರೂ ಎಣಿಸಿಲ್ಲ ಅಂತ ಅರ್ಥ. ಆದರೆ ರೋಗಿ ಕೆಡುವಾಗ ಹೆಚ್ಚಾಗಿ ಮೊದಲು ಏರುವುದು ಇದೇ, ಬಿ.ಪಿ. ಬೀಳುವುದು ಆಮೇಲೆ. ನಾಡಿ ಹಿಡಿದಂತೆ ನಟಿಸಿ ಪೂರ್ತಿ ಒಂದು ನಿಮಿಷ ಎದೆ ಏರಿಳಿಯುವುದನ್ನು ಎಣಿಸಿ. ಉಸಿರು ಎಣಿಸುತ್ತಿದ್ದಾರೆ ಅಂತ ಗೊತ್ತಾದರೆ ರೋಗಿ ಬೇರೆ ಥರ ಉಸಿರಾಡುತ್ತಾರೆ. ದೊಡ್ಡವರಲ್ಲಿ 12ರಿಂದ 20 ಸರಿ. 25 ದಾಟಿದರೆ ಸುಮ್ಮನಿರಬೇಡಿ.

ಹಲವು ಆಸ್ಪತ್ರೆಗಳಲ್ಲಿ ನ್ಯೂಸ್ ಸ್ಕೋರ್ ಎಂಬ ಎಚ್ಚರಿಕೆಯ ಅಂಕ ಬಳಸುತ್ತಾರೆ. ಉಸಿರು, ಆಕ್ಸಿಜನ್, ನಾಡಿ, ಬಿ.ಪಿ., ಜ್ವರ, ಎಚ್ಚರ ಇವಕ್ಕೆಲ್ಲ ಅಂಕ ಹಾಕಿ ಕೂಡುವುದು. ಮೊತ್ತ 5 ಅಥವಾ 6 ಆದರೆ ಡಾಕ್ಟರ್ ಬೇಗ ನೋಡಬೇಕು, 7 ಅಥವಾ ಜಾಸ್ತಿ ಆದರೆ ತುರ್ತು. ನಿಮ್ಮಲ್ಲಿ ಈ ಪದ್ಧತಿ ಇಲ್ಲದಿದ್ದರೂ ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ.

ಮಳೆಗಾಲದಲ್ಲಿ ಸೇರುವವರಿಗೆ ಡೆಂಗ್ಯೂ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಜೂನ್‌ನಿಂದ ಇಲ್ಲಿ ಮೆಡಿಕಲ್ ವಾರ್ಡ್ ಅಂದರೆ ಡೆಂಗ್ಯೂ, ಮಲೇರಿಯಾ, ಇಲಿಜ್ವರ. ಮನೆಯವರು ದಿನಕ್ಕೆ ಹತ್ತು ಸಲ ಪ್ಲೇಟ್‌ಲೆಟ್ ಎಷ್ಟು ಅಂತ ಕೇಳುತ್ತಾರೆ, ಹೊಸ ನರ್ಸ್‌ಗಳೂ ಅದನ್ನೇ ಹಿಡಿದು ಕೂರುತ್ತಾರೆ. ಅಪಾಯ ಬರುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ, ಶುರುವಾದ ಮೂರನೇ ದಿನದಿಂದ ಏಳನೇ ದಿನದ ಒಳಗೆ. ರಕ್ತನಾಳದಿಂದ ನೀರಿನಂಶ ಸೋರಿ ಹೊರಗೆ ಹೋಗುತ್ತದೆ. 'ಜ್ವರ ಬಿಟ್ಟಿದೆ, ಆರಾಮ' ಅಂತ ಬರೆದ ದಿನವೇ ಸರಿಯಾಗಿ ನೋಡಬೇಕಾದ ದಿನ. ಬಿ.ಪಿ. 100/80 ಇದ್ದರೆ ಮೇಲಿನ ಸಂಖ್ಯೆ ನೋಡಿ ನಾರ್ಮಲ್ ಅನ್ನಬೇಡಿ. ಎರಡರ ನಡುವಿನ ಅಂತರ 20ಕ್ಕೆ ಇಳಿದಿದೆ, ಅದು ಶಾಕ್‌ನ, ಅಂದರೆ ರಕ್ತಸಂಚಾರ ಕುಸಿಯುತ್ತಿರುವುದರ ಗುರುತು. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ತಣ್ಣಗಿನ ಕೈಕಾಲು, ಕಮ್ಮಿಯಾದ ಮೂತ್ರ ಯಾವುದು ಕಂಡರೂ ಹೇಳಿ.

ಹೇಳುವುದು ಹೇಗೆ? ಹೊಸಬರು ಫೋನ್ ಮಾಡಿ 'ಸರ್, ಪೇಶೆಂಟ್ ಯಾಕೋ ಸರಿ ಇಲ್ಲ' ಅನ್ನುತ್ತಾರೆ. ನಿದ್ದೆಯಿಂದ ಎದ್ದ ಡಾಕ್ಟರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಅದಕ್ಕೇ ಐಸ್‌ಬಾರ್ ಎಂಬ ಕ್ರಮ ಇದೆ: ನೀವು ಯಾರು, ಈಗ ಏನಾಗಿದೆ, ಹಿನ್ನೆಲೆ ಏನು, ನಿಮಗೇನು ಅನಿಸುತ್ತದೆ, ಏನು ಬೇಕು. ಚಾರ್ಟ್ ಕೈಯಲ್ಲಿ ಹಿಡಿದೇ ಫೋನ್ ಮಾಡಿ. ಹೀಗೆ:

'ಸರ್, ನಾನು ಮಹಿಳಾ ಮೆಡಿಕಲ್ ವಾರ್ಡ್‌ನ ಸ್ಟಾಫ್. ಬೆಡ್ 14ರ ವಿಷಯ. ಈಗ ಬಿ.ಪಿ. 100/80, ಹತ್ತು ಗಂಟೆಗೆ 116/74 ಇತ್ತು. ನಾಡಿ 118, ಉಸಿರು 26, ಕೈಕಾಲು ತಣ್ಣಗಿದೆ, ಹೊಟ್ಟೆನೋವು ಅಂತಿದ್ದಾರೆ, ನಾಲ್ಕು ಗಂಟೆಯಲ್ಲಿ ಮೂತ್ರ 60 ಮಿ.ಲೀ. ಮಾತ್ರ. 32 ವರ್ಷ, ಡೆಂಗ್ಯೂ, ಐದನೇ ದಿನ, ಸಂಜೆಯಿಂದ ಜ್ವರ ಇಲ್ಲ. ಶಾಕ್‌ಗೆ ಹೋಗ್ತಿದ್ದಾರೆ ಅಂತ ನನಗೆ ಅನುಮಾನ. ನೀವು ಈಗಲೇ ಬಂದು ನೋಡಬೇಕು. ಅಷ್ಟರಲ್ಲಿ ಪಿಸಿವಿಗೆ ರಕ್ತ ಕಳಿಸಲಾ?'

(ಪಿಸಿವಿ ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅಂತ ನೋಡುವ ಪರೀಕ್ಷೆ.) ಅರ್ಧ ನಿಮಿಷದ ಮಾತು. ಇಷ್ಟು ಹೇಳಿದ ಮೇಲೂ ಬೈದರೆ ಅದು ಅವರ ತೊಂದರೆ. ಬರುವುದಿಲ್ಲ ಅಂದರೆ ಅವರ ಮೇಲಿನವರಿಗೆ, ನಿಮ್ಮ ನೈಟ್ ಸೂಪರ್‌ವೈಸರ್‌ಗೆ ಫೋನ್ ಮಾಡಿ, ಮಾಡಿದ ಸಮಯ ಬರೆಯಿರಿ. ಫೋನ್‌ನಲ್ಲಿ ಆರ್ಡರ್ ಕೊಟ್ಟರೆ ವಾಪಸ್ ಓದಿ ಹೇಳಿ. ಫಿಫ್ಟೀನ್, ಫಿಫ್ಟಿ ಎರಡೂ ಒಂದೇ ಥರ ಕೇಳುತ್ತವೆ, 'ಒಂದು-ಐದಾ, ಐದು-ಸೊನ್ನೆಯಾ' ಅಂತ ಬಿಡಿಸಿ ಕೇಳಿ. ಬಂದ ಮೇಲೆ ಸಹಿ ಹಾಕಿಸಿಕೊಳ್ಳಿ.

'ಎಲ್ಲ ಸಂಖ್ಯೆ ಸರಿ ಇದೆ, ಆದರೂ ನನಗೆ ಯಾಕೋ ಸಮಾಧಾನ ಇಲ್ಲ' ಅನ್ನುವುದೂ ಸೀನಿಯರ್‌ನ ಹತ್ತಿರ ಹೇಳಬಹುದಾದ ಮಾತೇ. ಒಳ್ಳೆಯ ಸೀನಿಯರ್ ಆದರೆ ಎದ್ದು ಬಂದು ನೋಡುತ್ತಾರೆ.

8. ಬರೆಯುವುದು

ಬರೆಯದಿದ್ದರೆ ಮಾಡಿಲ್ಲ ಅಂತಲೇ ಲೆಕ್ಕ. ಮಾಡುವ ಮೊದಲೇ ಬರೆದಿಡುವುದು ಅದಕ್ಕಿಂತ ಕೆಟ್ಟದ್ದು. ಆರು ಗಂಟೆಯ ಔಷಧಿಗೆ ಐದಕ್ಕೇ ಸಹಿ ಹಾಕಿಬಿಟ್ಟಿರುತ್ತೀರಿ, ಅಷ್ಟರಲ್ಲಿ ರೋಗಿಯನ್ನು ಸ್ಕ್ಯಾನ್‌ಗೆ ಒಯ್ದಿರುತ್ತಾರೆ. ತಪ್ಪಾದರೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸಹಿ, ಸಮಯ. ವೈಟ್‌ನರ್ ಬೇಡ. 'ರೋಗಿ ಆರಾಮ' ಅಂತ ಬರೆದರೆ ಯಾರಿಗೂ ಪ್ರಯೋಜನವಿಲ್ಲ. 'ಡಾಕ್ಟರಿಗೆ ತಿಳಿಸಲಾಗಿದೆ' ಅನ್ನುವುದೂ ಅರೆಬರೆ: ಯಾರಿಗೆ, ಎಷ್ಟು ಗಂಟೆಗೆ, ಏನಂದರು ಅನ್ನುವುದು ಇರಬೇಕು.

9. ಸೂಜಿ ಚುಚ್ಚಿದರೆ

ಹಿಂಡಬೇಡಿ, ಬಾಯಲ್ಲಿ ಹೀರಬೇಡಿ. ಸೋಪು, ನೀರಲ್ಲಿ ತೊಳೆಯಿರಿ. ಕೂಡಲೇ ಇನ್‌ಚಾರ್ಜ್‌ಗೆ ಹೇಳಿ, ಫಾರ್ಮ್ ತುಂಬಿ. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆ ಬೇಕು ಅಂತಾದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗವಿಲ್ಲ. ಶುರು ಮಾಡಿದರೆ 28 ದಿನ ಪೂರ್ತಿ ತೆಗೆದುಕೊಳ್ಳಬೇಕು. ನಾಚಿಕೆಯಿಂದ ಮುಚ್ಚಿಟ್ಟು ರೂಮಿಗೆ ಹೋಗಿ ಗೂಗಲ್ ಮಾಡುವವರೇ ಜಾಸ್ತಿ, ಅಷ್ಟರಲ್ಲಿ ಆ ಎರಡು ಗಂಟೆ ಮುಗಿದಿರುತ್ತದೆ.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸೂಜಿ, ಬ್ಲೇಡ್ ಬಿಳಿ ಡಬ್ಬಕ್ಕೆ. ರಕ್ತ ಹತ್ತಿದ ಹತ್ತಿ, ಬ್ಯಾಂಡೇಜ್ ಹಳದಿಗೆ. ಐವಿ ಸೆಟ್, ಕ್ಯಾಥೆಟರ್, ಗ್ಲೌಸ್, ಸೂಜಿ ತೆಗೆದ ಸಿರಿಂಜ್ ಕೆಂಪಿಗೆ. ಗಾಜಿನ ಆಂಪ್ಯೂಲ್, ಬಾಟಲಿ ನೀಲಿಗೆ.

10. ನೈಟ್ ಡ್ಯೂಟಿ, ದಾರಿ, ಜಗಳ

ಮೊದಲ ನೈಟ್‌ಗೆ ಹೋಗುವ ದಿನ ಮಧ್ಯಾಹ್ನ ಮಲಗಿ. ಮಧ್ಯರಾತ್ರಿ ಏನಾದರೂ ತಿನ್ನಿ. ಬೆಳಗಿನ ಜಾವ ಮೂರರಿಂದ ಐದು ತಲೆ ಓಡದ ಹೊತ್ತು, ಆ ಸಮಯದ ಔಷಧಿ ಲೆಕ್ಕ ಇನ್ನೊಬ್ಬರಿಗೆ ತೋರಿಸಿ. ನೈಟ್ ಮುಗಿಸಿ ಸುರತ್ಕಲ್, ಪಡುಬಿದ್ರಿ ಕಡೆ ಹೈವೇಯಲ್ಲಿ ಸ್ಕೂಟಿ ಓಡಿಸಿಕೊಂಡು ಹೋಗುವ ಹುಡುಗಿಯರನ್ನು ಕಂಡರೆ ನನಗೆ ಹೆದರಿಕೆ. ಬಸ್ಸಲ್ಲಿ ಹೋಗಿ ಮಾರಾಯ್ರೆ, ಸೀಟ್ ಸಿಕ್ಕಿದರೆ ಅಲ್ಲೇ ನಿದ್ದೆಯೂ ಆಗುತ್ತದೆ.

ರೋಗಿಯ ಕಡೆಯವರು ಜೋರು ಮಾಡಿದರೆ ಒಬ್ಬರೇ ನಿಂತು ವಾದ ಮಾಡಬೇಡಿ, ಸೆಕ್ಯುರಿಟಿ, ಸೂಪರ್‌ವೈಸರ್ ಕರೆಯಿರಿ. ಆಸ್ಪತ್ರೆ ಸಿಬ್ಬಂದಿ ಮೇಲೆ ಕೈ ಮಾಡುವುದರ ವಿರುದ್ಧ ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ, ಅದರಲ್ಲಿ ನರ್ಸ್‌ಗಳೂ ಬರುತ್ತಾರೆ. ಒಳಗಿನವರೇ ಲೈಂಗಿಕ ಕಿರುಕುಳ ಕೊಟ್ಟರೆ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಸಂಸ್ಥೆಯಲ್ಲೂ ಆಂತರಿಕ ದೂರು ಸಮಿತಿ ಇರಬೇಕು ಅಂತ 2013ರ ಕಾಯ್ದೆ ಹೇಳುತ್ತದೆ. ಆ ಸಮಿತಿಯವರ ಹೆಸರಿನ ಬೋರ್ಡ್ ಎಲ್ಲಿದೆ ಅಂತ ಸೇರಿದ ವಾರವೇ ನೋಡಿಟ್ಟುಕೊಳ್ಳಿ.

11. ಮೂರು ತಿಂಗಳಾದಾಗ

ಇನ್‌ಚಾರ್ಜ್ ಹತ್ತಿರ ಹತ್ತು ನಿಮಿಷ ಕೇಳಿ ಕೂತುಕೊಳ್ಳಿ. ಏನು ಒಬ್ಬರೇ ಮಾಡಬಲ್ಲೆ, ಯಾವುದಕ್ಕೆ ಇನ್ನೂ ಜೊತೆಗೆ ಜನ ಬೇಕು ಅಂತ ಎರಡು ಪಟ್ಟಿ ಬರೆದುಕೊಂಡೇ ಹೋಗಿ. ಇಂಟ್ಯುಬೇಶನ್‌ಗೆ (ಉಸಿರಾಟಕ್ಕೆ ಗಂಟಲಲ್ಲಿ ಕೊಳವೆ ಇಳಿಸುವುದಕ್ಕೆ) ಸಹಾಯ ಮಾಡುವುದು, ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ಡ್ರೆಸಿಂಗ್, ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸುವ ಕೊಳವೆ) ಹಾಕುವುದು ಹೀಗೆ. ಎರಡನೇ ಪಟ್ಟಿಯಲ್ಲಿ ಇದ್ದದ್ದಕ್ಕೆ ಯಾವ ವಾರ್ಡ್‌ನಲ್ಲಿ, ಯಾರ ಜೊತೆ ಅವಕಾಶ ಸಿಗುತ್ತದೆ ಅಂತ ಅವತ್ತೇ ಕೇಳಿ, ತಾರೀಕು ಹಾಕಿಸಿಕೊಳ್ಳಿ.

ಇದನ್ನು ಓದುತ್ತಿರುವವರು ಇನ್‌ಚಾರ್ಜ್ ಆಗಿದ್ದರೆ, ಹೊಸಬರನ್ನು ಮೊದಲ ತಿಂಗಳಲ್ಲೇ ವಾರಕ್ಕೊಂದು ವಾರ್ಡ್‌ಗೆ ಎಸೆಯಬೇಡಿ. ಜನ ಕಮ್ಮಿ ಇದ್ದಾರೆ ಅನ್ನುವುದು ಗೊತ್ತು. ಆದರೂ ಒಂದೇ ಕಡೆ ಬಿಟ್ಟರೆ ಅವರು ಬೇಗ ಕೆಲಸಕ್ಕೆ ಒದಗುತ್ತಾರೆ.

ಗಲ್ಫ್ ಅಥವಾ ಬೇರೆ ಕಡೆ ಹೋಗುವ ಯೋಚನೆ ಇರುವವರು ಮಾಡಿದ ಕೆಲಸ, ವಾರ್ಡ್, ತಾರೀಕುಗಳನ್ನು ಈಗಿನಿಂದಲೇ ಬರೆದಿಡಿ. ಅನುಭವ ಪತ್ರದಲ್ಲಿ ಹುದ್ದೆ, ವಿಭಾಗ, ಸೇರಿದ ಮತ್ತು ಬಿಟ್ಟ ದಿನ ಸ್ಪಷ್ಟವಾಗಿರಬೇಕು, ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆಯೇ ಇರಬೇಕು. ಕೆಲಸ ಬಿಡುವ ದಿನದ ಗಡಿಬಿಡಿಯಲ್ಲಿ ಇದನ್ನು ನೋಡದೆ ಹೋಗಿ, ಆಮೇಲೆ ರಿಯಾದ್‌ನಿಂದ ಫೋನ್ ಮಾಡಿ 'ಅಕ್ಕ, ಎಚ್‌ಆರ್‌ನವರ ಹತ್ತಿರ ಸ್ವಲ್ಪ ಹೇಳ್ತೀರಾ' ಅನ್ನುವವರು ಈಗಲೂ ಇದ್ದಾರೆ.